ನೀಲಿ ಡಬ್ಬಿ ನಿನ್ನದು

ಜಯಂತ್,

ಏಳಕ್ಕೆ ಬಾಥೆಲ್ ಆಫೀಸಲ್ಲಿ ಮೀಟಿಂಗ್, ಹೊರಟೆ. ಶರ್ವಾಣಿನ ಎಬ್ಬಿಸಿ, ಜಡೆ ಹಾಕಿ ಸ್ಕೂಲಿಗೆ ಬಿಡು.

ಸ್ಕೂಲಿಂದ ಬರೋವಾಗ ಏನು ನಡೆಯತ್ತೆ ಅಂತ ನಿನ್ನೆ ಸ್ನಾನ ಮಾಡಿಸ್ತಿದ್ದಾಗ ಅವಳೇ ಬಾಯಿಬಿಟ್ಟಳು. “ಡ್ಯಾಡಿ ಫಿನಿಶಸ್ ಮೈ ಲಂಚ್ ಇನ್ ದ ಕಾರ್. ದೆನ್ ಐ ಗೆಟ್ ಫ್ರೈಸ್.”

ಒಂದು ತಿಂಗಳಿಂದ ಡಬ್ಬಿ ಖಾಲಿ ಬರ್ತಿದೆ ಅಂತ ನಾನು ಬೀಗಿದ್ದೇ ಬೀಗಿದ್ದು. ಐದಕ್ಕೆ ಎದ್ದು ಸೌತೆಕಾಯಿನ ನಕ್ಷತ್ರದ ಥರ ಕತ್ತರಿಸ್ತಿದ್ದೆ. ಅವಳ ತೂಕ ಯಾಕೆ ಏರಿಲ್ಲ ಅಂತ ಡಾಕ್ಟರ್ ಕೇಳಿದ್ರೆ, “ಕೊಟ್ಟಿದ್ದೆಲ್ಲಾ ತಿಂತಾಳೆ” ಅಂದೆ. ನೀನು ಪಕ್ಕದಲ್ಲೇ ಕೂತು ತಲೆಯಾಡಿಸಿದೆ!

ಇವತ್ತು ಎರಡು ಡಬ್ಬಿ ಇದೆ. ಕೆಂಪು ಅವಳದು. ಏನು ಬೇಕು ಅಂತ ಅವಳನ್ನೇ ಕೇಳಿ ತುಪ್ಪ ಬೆಲ್ಲ ಸವರಿದ ಚಪಾತಿ, ಸ್ಟ್ರಾಬೆರಿ ಇಟ್ಟಿದೀನಿ. ಮುಟ್ಟಿದರೆ ನೋಡು.

ನೀಲಿ ನಿನ್ನದು. ನಿನಗೆ ವಾಸನೆಯೂ ಆಗದ ಹಾಗಲಕಾಯಿ ಪಲ್ಯ, ಮೊಳಕೆ ಹೆಸರುಕಾಳು, ಜೊತೆಗೆ ಸೌತೆಕಾಯಿ ನಕ್ಷತ್ರ. ಶುಕ್ರವಾರದವರೆಗೂ ಇದೇ.

ಸಾಯಂಕಾಲ ನಿನ್ನ ಡಬ್ಬಿ ತೆಗೆದು ನೋಡೋ ಕೆಲಸ ಶರ್ವಾಣಿಗೆ ಕೊಟ್ಟಿದೀನಿ. ಫ್ರೈಸ್ ಕೊಡಿಸಿ ಬಾಯಿ ಮುಚ್ಚಿಸೋಣ ಅಂದ್ಕೋಬೇಡ. ಅವಳು ಫ್ರೈಸೂ ತಿಂತಾಳೆ, ಬಂದು ನನಗೆ ಹೇಳೂ ಹೇಳ್ತಾಳೆ.

ಮಧುರಾ