ಮೇಲ್ಬೀದಿ ಟ್ಯಾಂಕಿನ ಸದ್ದು

ಜನವರಿ 9, ಗುರುವಾರ. ಬೆಳಿಗ್ಗೆ 6.20, ಪಂಪ್‌ಹೌಸ್

ಮೋಟ್ರು ಹಾಕಿ ಆಯಿತು. ಕೆಳಬೀದಿ ಟ್ಯಾಂಕ್ ತುಂಬಲು ಇನ್ನೂ ಒಂದು ಗಂಟೆ ಬೇಕು. ಅಷ್ಟರಲ್ಲಿ ನ್ಯೂಸ್.

ಇಸ್ರೋದ ಡಾಕಿಂಗ್ ಮತ್ತೆ ಮುಂದಕ್ಕೆ ಹೋಗಿದೆ. ಇವತ್ತು ಎರಡು ಉಪಗ್ರಹ ಒಂದಕ್ಕೊಂದು ಕೂಡಬೇಕಿತ್ತು. ಒಂದು ಎಣಿಸಿದ್ದಕ್ಕಿಂತ ಜಾಸ್ತಿ ತೇಲಿಹೋಯಿತಂತೆ. ನಿಲ್ಲಿಸಿದರು. ಒಳ್ಳೆಯದೇ ಮಾಡಿದರು. ಅವಸರ ಯಾಕೆ?

ಅಮೆರಿಕದಲ್ಲಿ ಗ್ಯಾಜೆಟ್ ಪ್ರದರ್ಶನ. ಕಸ ಗುಡಿಸುವ ರೋಬೋಟ್‌ಗೆ ಈ ಸಲ ಕೈ ಬಂದಿದೆ, ನೆಲದ ಮೇಲೆ ಬಿದ್ದ ಸಾಕ್ಸ್ ಎತ್ತಿಡುತ್ತದೆ. ನಮ್ಮ ಮನೆಯಲ್ಲಿ ಸಾಕ್ಸ್ ಹಾಕುವವರು ನಮ್ಮ ಯಜಮಾನರು ನಂಜೇಶ್ ಒಬ್ಬರೇ, ಫ್ಯಾಕ್ಟರಿ ಶೂಗೆ. ಅದನ್ನು ರೋಬೋಟ್ ಮೂಸಿದರೆ ಅಲ್ಲೇ ಕೆಟ್ಟುಹೋಗುತ್ತದೆ. ಇನ್ನೊಂದು — ಕರೆಂಟ್ ಚಮಚ. ಉಪ್ಪು ಕಡಿಮೆ ಹಾಕಿದ ಊಟಕ್ಕೂ ಉಪ್ಪಿನ ರುಚಿ ಬರಿಸುತ್ತದಂತೆ. ಬಿಪಿ ಇರೋರಿಗೆ. ಕೆಂಪಯ್ಯಣ್ಣನಿಗೆ ತೋರಿಸಿದೆ.

"ಅಂಗಾದ್ರೆ ನಾಲ್ಗೆಗೆ ಕರೆಂಟ್ ಕೊಟ್ಟು ಮೋಸ ಮಾಡೋದು ಅನ್ನವ್ವ."

ಊರಿಗೆ ಎರಡು ಟ್ಯಾಂಕ್. ಮೇಲ್ಬೀದಿಯದು ಕೆಂಪಯ್ಯಣ್ಣನದು, ಮೂವತ್ತು ವರ್ಷದಿಂದ. ಕೆಳಬೀದಿಯದು ನನ್ನದು. ನಮ್ಮ ಮಾವ ಮಾಡುತ್ತಿದ್ದ ಕೆಲಸ, ಅವರು ಹೋದ ಮೇಲೆ ಪಂಚಾಯ್ತಿಯವರು ನನಗೆ ಕೊಟ್ಟರು. ಐಟಿಐ ಎಲೆಕ್ಟ್ರಾನಿಕ್ಸ್ ಓದಿದವಳು ವಾಲ್ವ್ ತಿರುಗಿಸುತ್ತೇನೆ. ಊರೆಲ್ಲ "ವಾಟರ್‌ಮ್ಯಾನ್ ಆಸಾ" ಅನ್ನುತ್ತಾರೆ. ಅನ್ನಲಿ. ನನಗದು ಇಷ್ಟವೇ.

ಈಗ ಏಣಿ ಹತ್ತಿ ಮಟ್ಟ ನೋಡಬೇಕು. ಎಪ್ಪತ್ತೆರಡು ಮೆಟ್ಟಿಲು.

ಜನವರಿ 16, ಗುರುವಾರ. ಮಧ್ಯಾಹ್ನ

ಕೂಡಿದವು!!!

ಹದಿನೈದು ಮೀಟರ್, ಮೂರು ಮೀಟರ್, ಆಮೇಲೆ ಗಟ್ಟಿ ಹಿಡಿತ. ಜಗತ್ತಿನಲ್ಲೇ ನಾವು ನಾಲ್ಕನೆಯವರು. ಬೆಳಿಗ್ಗೆ ವಾಲ್ವ್ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದವರಿಗೆಲ್ಲ ಹೇಳಿದೆ. ರಾಚಮ್ಮ, "ಸರಿ ಕಣವ್ವ, ನಮ್ ನಲ್ಲಿಗೆ ಯಾವಾಗ ಬತ್ತದೆ?" ಅಂದಳು. ಮೇಲ್ಬೀದಿಯ ಕೊನೆ ಮನೆ ಅವಳದು, ನೀರು ಕೊನೆಗೆ ತಲುಪುವುದು ಅಲ್ಲಿಗೆ. ಅವಳ ಬಾಯಿ ಮಾತ್ರ ಎಲ್ಲರಿಗಿಂತ ಮೊದಲು.

ಕೆಂಪಯ್ಯಣ್ಣ ಒಬ್ಬನೇ ಯೋಚನೆ ಮಾಡಿದ್ದು.

"ಎಲ್ಡೂ ಓಡ್ತಿರೋವಾಗ್ಲೇ ಸೇರಿಸಿದ್ರಾ?"

"ಹೂಂ ಅಣ್ಣ. ಬಂದೂಕಿನ ಗುಂಡಿಗಿಂತ ಜೋರು."

"ನೀರು ಅರೀತಿರೋ ಪೈಪ್ಗೆ ಜಾಯಿಂಟ್ ಆಕ್ದಂಗೆ ಅನ್ನು. ಗಟ್ಟಿಗ್ರು."

ಇಷ್ಟು ಚೆನ್ನಾಗಿ ಟಿವಿಯಲ್ಲೂ ಯಾರೂ ಹೇಳಲಿಲ್ಲ.

ಜನವರಿ 23, ಗುರುವಾರ

ಇವತ್ತು ನೋಡಬಾರದ್ದು ನೋಡಿದೆ.

ಗ್ರೀಸ್ ಡಬ್ಬ ಕೇಳಲು ಮೇಲ್ಬೀದಿ ಟ್ಯಾಂಕ್ ಹತ್ತಿರ ಹೋದೆ. ಕೆಂಪಯ್ಯಣ್ಣ ಮೇಲೆ ಹತ್ತಿರಲಿಲ್ಲ. ಕೆಳಗೆ, ನೀರು ಏರುವ ಪೈಪ್ ತಬ್ಬಿಕೊಂಡು, ಕಿವಿ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದ. ಏನಾಯಿತೋ ಅಂತ ಹೆದರಿ ಕೂಗಿದೆ. ಬೆಚ್ಚಿಬಿದ್ದ.

ಕೊನೆಗೆ ಹೇಳಿದ. ಹತ್ತಲು ಆಗುತ್ತಿಲ್ಲ. ಅರ್ಧ ಏಣಿಗೆ ತಲೆ ಸುತ್ತುತ್ತದೆ. ಒಂದು ವರ್ಷದಿಂದ ಹತ್ತೇ ಇಲ್ಲ.

"ಮತ್ತೆ ಮಟ್ಟ ಹೇಗೆ ಗೊತ್ತಾಗುತ್ತಣ್ಣ?"

"ಮೇಲಿಂದ ನೀರು ಬೀಳ್ತದಲ್ಲ, ಆ ಸದ್ದು ಪೈಪ್ನಲ್ಲಿ ಇಳೀತದೆ. ಟ್ಯಾಂಕ್ ಕಾಲಿ ಇದ್ರೆ ದೊಡ್ಡ ಸದ್ದು. ತುಂಬ್ತಾ ತುಂಬ್ತಾ ಮೆತ್ಗಾಯ್ತದೆ."

ನಾನೂ ಕಿವಿ ಇಟ್ಟೆ. ಗುಂಯ್ ಅನ್ನುವುದು ಬಿಟ್ಟರೆ ಏನೂ ತಿಳಿಯಲಿಲ್ಲ. ಆತ "ನಾಲ್ಕಡಿ" ಅಂದ. ಹತ್ತಿ ನೋಡಿದೆ. ಹತ್ತಡಿ ಟ್ಯಾಂಕಿನಲ್ಲಿ ನೀರು ನಾಲ್ಕಡಿಯೇ ಇತ್ತು!

ಕೆಳಗಿಳಿದಾಗ ಕೈ ಹಿಡಿದುಕೊಂಡ. "ಪಂಚಾಯ್ತೀಲಿ ಏಳ್ಬೇಡ ಕಣವ್ವ. ಅತ್ತಕ್ಕಾಗ್ದೋನು ಯಾಕೆ ಅಂತ ತೆಗೆದಾಕ್ತಾರೆ. ಅರವತ್ತಾಗಾಕೆ ಇನ್ನು ಎಲ್ಡೇ ವರ್ಸ."

ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಆದರೆ ಆ ಕಿವಿಯೂ ಒಂದು ದಿನ ಮಂದವಾದರೆ?

ಫೆಬ್ರವರಿ 2, ಭಾನುವಾರ. ಟಿ. ನರಸೀಪುರ

ತಮ್ಮ ಮದನ್‌ನ ಅಂಗಡಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಟಿವಿ, ಮಿಕ್ಸಿ, ಆಂಪ್ಲಿಫೈಯರ್ ರಿಪೇರಿ. ಇಲ್ಲಿನ ಕುಂಭಮೇಳಕ್ಕೆ ಊರೆಲ್ಲ ತಯಾರಿ, ಬಸ್ ಎರಡು ಕಡೆ ನಿಂತಿತು. ಮೇಳದ ಮೈಕ್‌ಸೆಟ್‌ಗಳೆಲ್ಲ ಇವನ ಬಾಗಿಲಲ್ಲೇ ರಾಶಿ ಬಿದ್ದಿವೆ.

ಪ್ಲಾನ್ ಹೇಳಿದೆ. ಕಾರು ರಿವರ್ಸ್ ತೆಗೆಯುವಾಗ ಕೀ ಕೀ ಅನ್ನುತ್ತದಲ್ಲ, ಅದೇ ಸೆನ್ಸರ್. ಟ್ಯಾಂಕಿನ ಮುಚ್ಚಳದ ಕೆಳಗೆ, ನೀರಿನ ಕಡೆ ಮುಖ ಮಾಡಿ. ನಮಗೆ ಕೇಳಿಸದ ಸದ್ದು ಬಿಡುತ್ತದೆ, ನೀರಿಗೆ ತಾಗಿ ವಾಪಸ್ ಬರಲು ಎಷ್ಟು ಹೊತ್ತು ಅಂತ ಲೆಕ್ಕ ಹಾಕುತ್ತದೆ. ಒಂದು ಸಣ್ಣ ಬೋರ್ಡ್, ಒಂದು ಸಿಮ್. ಮಟ್ಟ ಎಷ್ಟು ಅಂತ ಕೆಂಪಯ್ಯಣ್ಣನಿಗೂ ನನಗೂ ಮೆಸೇಜ್.

"ಅಕ್ಕ, ಕಡೇ ಸಲ ಸೋಲ್ಡರಿಂಗ್ ಮಾಡಿದ್ದು ಯಾವಾಗ?"

"ನೀನು ಚಡ್ಡಿ ಹಾಕ್ತಿದ್ದಾಗ. ಐರನ್ ಕೊಡು ಇಲ್ಲಿ."

ಮೊದಲ ಎರಡು ಜಾಯಿಂಟ್ ಕೆಟ್ಟವು. ಮೂರನೆಯದು ಕನ್ನಡಿಯ ಹಾಗೆ ಹೊಳೆಯಿತು. ಕೈ ಮರೆತಿಲ್ಲ! ಇಷ್ಟು ಖುಷಿ ಆಗಿ ಎಷ್ಟು ವರ್ಷವಾಯಿತೋ...

ಫೆಬ್ರವರಿ 9, ಭಾನುವಾರ

ಮೇಲೆ ಹತ್ತಿ ನಾನೇ ಕೂರಿಸಿದೆ. ಇಳಿಯುವುದರೊಳಗೆ ಜೇಬಿನಲ್ಲಿ ಫೋನ್ ಟಿಂಗ್ ಅಂದಿತು.

"ಮೇಲ್ಬೀದಿ ಟ್ಯಾಂಕ್: ನೂರಕ್ಕೆ 64."

ಕನ್ನಡದಲ್ಲೇ ಬರುವ ಹಾಗೆ ಮಾಡಿದ್ದೇನೆ. ಕೆಂಪಯ್ಯಣ್ಣ ಕನ್ನಡಕ ಹಾಕಿಕೊಂಡು ಮೂರು ಸಲ ಓದಿದ. "ಟ್ಯಾಂಕೇ ಕಾಗ್ದ ಬರೀತಲ್ಲವ್ವ!" ಏಣಿಯ ಮೇಲೆ ಅರ್ಧದಲ್ಲೇ ನಿಂತು ನಕ್ಕೆ. ಇಡೀ ತಾಲೂಕಿನಲ್ಲಿ ಯಾರ ಟ್ಯಾಂಕ್ ಮೆಸೇಜ್ ಕಳಿಸುತ್ತದೆ, ಹೇಳಿ!

ಫೆಬ್ರವರಿ 19, ಬುಧವಾರ

ಹತ್ತು ದಿನ. ಒಂದೂ ತಪ್ಪಿಲ್ಲ.

ನ್ಯೂಸ್‌ನಲ್ಲಿ ಮೂರು ಮಡಿಕೆಯ ಫೋನ್ ಬಂದಿದೆ, ಸೀರೆ ಮಡಚಿದ ಹಾಗೆ ಮಡಚುತ್ತದೆ. ನೋಡಲು ಚೆಂದ. ನನ್ನ ಫೋನ್ ಒಂದು ಸಲ ಕೆಸರಿಗೆ ಬಿದ್ದೂ ಬದುಕಿದೆ, ಅದು ಬದುಕುತ್ತದೆಯೇ? ಒಂದು ಕ್ಷುದ್ರಗ್ರಹ ಭೂಮಿಗೆ ಬಡಿಯುವ ಸಾಧ್ಯತೆ ನೂರಕ್ಕೆ ಮೂರು ಅಂದಿದ್ದಾರೆ. 2032ರಲ್ಲಿ. ರಾಚಮ್ಮನಿಗೆ ಹೇಳಿದೆ.

"ಅವತ್ತೂ ಬೆಳಗಾಗೆದ್ದು ನೀರು ಬಿಡ್ತೀಯೇನವ್ವ?"

"ಬಿಡ್ತೀನಿ."

"ಅಂಗಾದ್ರೆ ಬೀಳ್ಲಿ ಬಿಡು."

ಮಾರ್ಚ್ 4, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯಬೇಕು.

ಬೆಳಿಗ್ಗೆ ಐದೂವರೆಗೆ ಮೆಸೇಜ್: ನೂರಕ್ಕೆ 98. ಕೆಂಪಯ್ಯಣ್ಣ ಪೈಪ್‌ಗೆ ಕಿವಿ ಇಟ್ಟು ತಲೆ ಅಲ್ಲಾಡಿಸಿದ. "ಅರ್ಧಾನೂ ಆಗಿಲ್ಲ ಕಣವ್ವ. ಸದ್ದು ಇನ್ನೂ ದೊಡ್ಡದಾಗದೆ."

"ಮೆಸೇಜ್ ಬಂದಿದೆಯಲ್ಲಣ್ಣ. ಅಷ್ಟು ದಿನದಿಂದ ತಪ್ಪಿದೆಯಾ ಅದು?"

ಏಣಿ ಹತ್ತಿ ನೋಡದೆ ಮೋಟ್ರು ನಾನೇ ಆಫ್ ಮಾಡಿದೆ. ಆರಕ್ಕೆ ವಾಲ್ವ್ ತಿರುಗಿಸಿದೆವು. ಏಳಕ್ಕೆ ನಲ್ಲಿಗಳಲ್ಲಿ ಬರೀ ಗಾಳಿ. ಮತ್ತೆ ಮೋಟ್ರು ಹಾಕೋಣವೆಂದರೆ ತ್ರೀ ಫೇಸ್ ಕರೆಂಟ್ ಇಲ್ಲ, ಬಂದದ್ದು ಸಂಜೆ ಐದಕ್ಕೆ. ಮೇಲ್ಬೀದಿಯ ಚಲುವಯ್ಯನವರ ಮನೆಯಲ್ಲಿ ಇವತ್ತು ಮೊಮ್ಮಗಳ ತೊಟ್ಟಿಲು ಶಾಸ್ತ್ರ. ಇನ್ನೂರು ಜನ ನೆಂಟರು. ಅಡುಗೆಗೆ ನೀರಿಲ್ಲ, ಕೈ ತೊಳೆಯಲೂ ನೀರಿಲ್ಲ. ಬಾಣಂತಿಗೆ ಸ್ನಾನ ಇಲ್ಲ. ಗದ್ದೆ ಬೋರ್‌ವೆಲ್‌ನಿಂದ ಟ್ರ್ಯಾಕ್ಟರ್‌ನಲ್ಲಿ ಡ್ರಮ್ ತಂದರು.

ಮನೆ ಮುಂದೆ ನಿಂತು ಎಲ್ಲರೂ ಬೈದದ್ದು ಕೆಂಪಯ್ಯಣ್ಣನನ್ನು. "ವಯಸ್ಸಾಯ್ತು, ಗ್ಯಾನ ಇಲ್ಲ ಇವ್ನಿಗೆ." ತಲೆ ತಗ್ಗಿಸಿ ನಿಂತಿದ್ದ. ಒಂದು ಸಲವೂ ನನ್ನ ಕಡೆ ಬೆರಳು ತೋರಿಸಲಿಲ್ಲ.

ನಾನೂ ಬಾಯಿ ಬಿಡಲಿಲ್ಲ.

ಮಾರ್ಚ್ 7, ಶುಕ್ರವಾರ

ಕೆಂಪಯ್ಯಣ್ಣನಿಗೆ ಪಂಚಾಯ್ತಿ ನೋಟಿಸ್ ಬಂದಿದೆ. ಲಿಖಿತ ಉತ್ತರ ಕೊಡಬೇಕಂತೆ. ಮೆಂಬರುಗಳು ಬೇರೆಯವರನ್ನು ಹಾಕೋಣ ಅನ್ನುತ್ತಿದ್ದಾರಂತೆ. ಮೂರು ದಿನದಿಂದ ಆತನ ಮುಖ ನೋಡಲು ಆಗುತ್ತಿಲ್ಲ.

ಬೆಳಿಗ್ಗೆ ನ್ಯೂಸ್ ನೋಡಿದೆ. ಚಂದ್ರನ ಮೇಲೆ ಅಮೆರಿಕದ ಒಂದು ಲ್ಯಾಂಡರ್ ಇಳಿದು ಮಗುಚಿಕೊಂಡಿದೆ. ನೆಲ ಎಷ್ಟು ದೂರ ಅಂತ ಅಳೆಯುವ ಲೇಸರ್ ಸರಿಯಾದ ಲೆಕ್ಕ ಕೊಡಲಿಲ್ಲವಂತೆ. ಅದನ್ನು ಮಾಡಿದವರು ಎಲ್ಲರ ಮುಂದೆ ಬಂದು ಕುಳಿತು ಅದನ್ನು ಹೇಳಿದ್ದಾರೆ. ಫೋನ್ ಒಳಗಿಟ್ಟೆ. ಟ್ಯಾಂಕ್ ಹತ್ತಿದೆ.

ಸೆನ್ಸರ್ ಮುಖದ ತುಂಬ ನೀರಿನ ಹನಿ. ಹಗಲು ಬಿಸಿಲು, ಬೆಳಗಿನ ಜಾವ ತಂಪು — ಒಳಗಿನ ಹಬೆ ಅಲ್ಲೇ ಕೂತಿದೆ. ಹನಿಯನ್ನೇ ನೀರು ಅಂದುಕೊಂಡಿತು. ತುಂಬಿದೆ ಅಂದಿತು. ಯಂತ್ರದ ತಪ್ಪಲ್ಲ. ಕೂರಿಸಿದವಳದು.

ನೇರ ಪಂಚಾಯ್ತಿಗೆ ಹೋದೆ. ಪಿಡಿಒ ನಂದಿತಾ ಮೇಡಂ ಎದುರು ಕೆಂಪಯ್ಯಣ್ಣ ಆಗಲೇ ನಿಂತಿದ್ದ, ಕೈಯಲ್ಲಿ ಖಾಲಿ ಹಾಳೆ ಹಿಡಿದು. ಯಂತ್ರದ ವಿಷಯ ಎಲ್ಲಾ ಹೇಳಿಬಿಟ್ಟೆ.

"ಯಾರನ್ನ ಕೇಳಿ ಹಾಕಿದ್ರಿ ಅದನ್ನ?"

"ಯಾರನ್ನೂ ಕೇಳಿಲ್ಲ ಮೇಡಂ. ತಪ್ಪು ನಂದು. ಕೆಂಪಯ್ಯಣ್ಣ ತುಂಬಿಲ್ಲ ಅಂದ್ರು, ನಾನೇ ಆಫ್ ಮಾಡಿದ್ದು."

"ಅನುಮಾನ ಬಂದ ಮೇಲೆ ಇವರು ಹತ್ತಿ ನೋಡಬಾರದಾಗಿತ್ತಾ?"

ಆತನಿಗೆ ಮಾತು ಕೊಟ್ಟಿದ್ದೆನಲ್ಲ. ನೆಲ ನೋಡಿದೆ. ಕೆಂಪಯ್ಯಣ್ಣನೇ ಬಾಯಿ ಬಿಟ್ಟ.

"ನಂಗೆ ಅತ್ತಕ್ಕಾಗಲ್ಲ ಮೇಡಂ. ತಲೆ ಸುತ್ತದೆ. ವರ್ಸ ಆಯ್ತು."

ಮೇಡಂ ಪೆನ್ನು ಕೆಳಗಿಟ್ಟರು. "ಒಂದು ವರ್ಷ ನೀರು ಹೇಗೆ ಬಿಟ್ರಿ ಮತ್ತೆ?"

"ಕೇಳಿ."

"ಯಾರನ್ನ ಕೇಳಿ?"

"ಪೈಪನ್ನ ಕೇಳಿ ಮೇಡಂ."

ಮೇಡಂ ನಗಲಿಲ್ಲ. ಗುರುವಾರ ತಾವೇ ಬಂದು ನೋಡುತ್ತಾರಂತೆ. ಕಿವಿ ಏನು ಹೇಳುತ್ತದೆ, ಯಂತ್ರ ಏನು ಹೇಳುತ್ತದೆ, ಅಳತೆ ಟೇಪ್ ಏನು ಹೇಳುತ್ತದೆ. ಮೂರೂ ಹೊಂದದಿದ್ದರೆ ಯಂತ್ರ ಇಳಿಸಬೇಕು, ಕೆಂಪಯ್ಯಣ್ಣನೂ ಕೆಲಸ ಬಿಡಬೇಕು. ಅದಕ್ಕೂ ಮೊದಲು ಆತ ನಂಜನಗೂಡು ಆಸ್ಪತ್ರೆಗೆ ಹೋಗಿ ತಲೆಸುತ್ತು ತೋರಿಸಬೇಕು.

ಹೊರಗೆ ಬಂದಾಗ ಆ ಲ್ಯಾಂಡರ್ ಸುದ್ದಿ ಹೇಳುತ್ತಾ ಕ್ಷಮೆ ಕೇಳಲು ಹೋದೆ. "ಚಂದ್ರನ ಮ್ಯಾಲೇ ಮಗುಚ್ಕೊಂತದೆ ಅಂತೀಯ, ಇನ್ನು ನಮ್ಮೂರ್ ಟ್ಯಾಂಕು ಯಾವ ಲೆಕ್ಕ? ನಡಿಯವ್ವ, ಸರಿ ಮಾಡು" ಅಂದ.

ಮಾರ್ಚ್ 9, ಭಾನುವಾರ. ಟಿ. ನರಸೀಪುರ

ಈ ಸಲ ಕೆಂಪಯ್ಯಣ್ಣನನ್ನೂ ಕರೆತಂದೆ. ಆಸ್ಪತ್ರೆಯವರು ಬಿಪಿ ಮಾತ್ರೆ ಬದಲಾಯಿಸಿದ್ದಾರೆ, ಏಣಿ ಹತ್ತಲೇಬೇಡ ಅಂದಿದ್ದಾರೆ. ಬಸ್‌ನಲ್ಲಿ ಕಿಟಕಿ ಪಕ್ಕ ಕುಳಿತು ಕಂಡ ಟ್ಯಾಂಕುಗಳನ್ನೆಲ್ಲ ತೋರಿಸುತ್ತಿದ್ದ.

ಮದನ್ ಸೆನ್ಸರ್‌ಗೆ ಪಿವಿಸಿ ಪೈಪಿನ ಟೋಪಿ ಮಾಡಿದ, ಹನಿ ಕೂರದ ಹಾಗೆ ಗಾಳಿಯಾಡಲು ತೂತು. ಆದರೂ ನನಗೆ ಸಮಾಧಾನವಿಲ್ಲ. ಮತ್ತೆ ಸುಳ್ಳು ಹೇಳಿದರೆ ನಮಗೆ ತಿಳಿಯುವುದು ಹೇಗೆ?

ಸ್ಟೂಲ್ ಮೇಲೆ ಕುಳಿತು ಟೀ ಕುಡಿಯುತ್ತಿದ್ದ ಕೆಂಪಯ್ಯಣ್ಣ ಕೇಳಿದ: "ಅವತ್ತು ಅದು ಎಷ್ಟೊತ್ನಲ್ಲಿ ತುಂಬ್ತು ಅಂತು?"

ನೋಡಿದೆ. ಬೋರ್ಡ್ ಉಳಿಸಿಟ್ಟ ಲೆಕ್ಕದಲ್ಲಿ 41ರಿಂದ 98ಕ್ಕೆ. ಹತ್ತೇ ನಿಮಿಷ.

"ನಮ್ ಮೋಟ್ರು ಗಂಟೆಗೆ ಒಂದೂವರೆ ಅಡಿ ಏರಿಸೋದು ಕಣವ್ವ. ಮಳೆಗಾಲ್ದಲ್ಲಿ ಒಂದೂಮುಕ್ಕಾಲು. ಅದಕ್ಕಿಂತ ಜಾಸ್ತಿ ಯಾರ್ ಅಂದ್ರೂ ನಂಬ್ಬೇಡ."

ಮದನ್ ನನ್ನ ಮುಖ ನೋಡಿದ. ನಾನು ಅವನದು. ಪ್ರೋಗ್ರಾಮ್ ತೆರೆದು ಆ ಲೆಕ್ಕ ಸೇರಿಸಿದೆ. ಅದಕ್ಕಿಂತ ಬೇಗ ಏರಿದರೆ ಮಟ್ಟದ ಮೆಸೇಜ್ ಬರುವುದಿಲ್ಲ, "ಅನುಮಾನ, ಕಿವಿ ಇಟ್ಟು ನೋಡಿ" ಅಂತ ಬರುತ್ತದೆ.

ಮೂವತ್ತು ವರ್ಷದ ಕೆಲಸ ಎರಡು ಸಾಲಿನಲ್ಲಿ ಕೂತಿತು.

ಮಾರ್ಚ್ 13, ಗುರುವಾರ. ಸಂಜೆ

ಜನವರಿಯಲ್ಲಿ ಕೂಡಿದ ಉಪಗ್ರಹಗಳು ಇವತ್ತು ಬೇರೆಯಾದವು. ಅದೂ ಸಲೀಸಾಗಿ. ಆದರೆ ಇವತ್ತಿನ ದೊಡ್ಡ ಸುದ್ದಿ ಅದಲ್ಲ.

ಹತ್ತು ಗಂಟೆಗೆ ಮೇಡಂ ಬಂದರು. ಮೆಂಬರುಗಳು, ಚಲುವಯ್ಯನವರು, ಮೇಲ್ಬೀದಿಯ ಅರ್ಧ ಜನ. ಮೋಟ್ರು ಓಡುತ್ತಿತ್ತು. ನನ್ನ ಫೋನನ್ನು ಮೇಡಂ ತೆಗೆದುಕೊಂಡು ಕೈಯಲ್ಲೇ ಮುಚ್ಚಿಟ್ಟುಕೊಂಡರು. ಕೆಂಪಯ್ಯಣ್ಣ ಟವೆಲ್ ಹೆಗಲಿಂದ ತೆಗೆದು ಪೈಪ್‌ಗೆ ಕಿವಿ ಇಟ್ಟ. ಜನ ಗುಜುಗುಜು ಅನ್ನುತ್ತಿದ್ದರು.

"ಸುಮ್ಕಿರ್ರಿ ಒಸಿ!" — ರಾಚಮ್ಮ. ಎಲ್ಲರೂ ಸುಮ್ಮನಾದರು.

"ಆರು" ಅಂದ ಕೆಂಪಯ್ಯಣ್ಣ. "ಆರರ ಮ್ಯಾಲೆ ಒಂದು ಚೂರು."

ಮೇಡಂ ಫೋನ್ ತಿರುಗಿಸಿದರು. ನೂರಕ್ಕೆ 61.

ಬಿಲ್ ಕಲೆಕ್ಟರ್ ಬಸವೇಶ್ ಮೇಲೆ ಹತ್ತಿದ್ದ. ಕಲ್ಲು ಕಟ್ಟಿದ ಟೇಪ್ ಇಳಿಬಿಟ್ಟು ಕೂಗಿದ: "ಆರಡಿ ಎಲ್ಡು ಇಂಚು ಮೇಡಂ!"

ಯಾರು ಮೊದಲು ಚಪ್ಪಾಳೆ ತಟ್ಟಿದರೋ ಗೊತ್ತಿಲ್ಲ. ಚಲುವಯ್ಯನವರು ಬಂದು ಕೆಂಪಯ್ಯಣ್ಣನ ಹೆಗಲ ಮೇಲೆ ಕೈ ಇಟ್ಟರು. "ಅವತ್ತು ಬಾಯಿಗೆ ಬಂದಂಗೆ ಅಂದ್ಬುಟ್ಟೆ ಕಣಪ್ಪ" ಅಂದರು. ಮೇಡಂ ನೋಟಿಸನ್ನು ಮಡಚಿ ಫೈಲಿನೊಳಗೆ ಇಟ್ಟುಕೊಂಡರು. "ಇನ್ನು ಏಣಿ ಆಶಾರಾಣಿಯದು, ಕಿವಿ ಕೆಂಪಯ್ಯನವರದು. ಆದರೆ ಆಶಾರಾಣಿ, ಮುಂದಿನ ಸಲ ಕೇಳಿ ಹಾಕಿ."

"ಯಾರನ್ನ ಕೇಳಿ ಮೇಡಂ?" ಅಂದುಬಿಟ್ಟೆ. ಈ ಸಲ ನಕ್ಕರು.

ಮನೆಗೆ ಬಂದು ಒಬ್ಬಳೇ ಕುಳಿತು ಸ್ವಲ್ಪ ಅತ್ತೆ. ಸಂತೋಷಕ್ಕೇ.

ಮಾರ್ಚ್ 19, ಬುಧವಾರ. ಬೆಳಿಗ್ಗೆ 10.15, ಪಂಪ್‌ಹೌಸ್

ಒಂಬತ್ತು ತಿಂಗಳು ಆಕಾಶದಲ್ಲೇ ಉಳಿದಿದ್ದ ಗಗನಯಾತ್ರಿಗಳು ಇವತ್ತು ಸಮುದ್ರಕ್ಕೆ ಇಳಿದರು. ಕ್ಯಾಪ್ಸೂಲ್ ಸುತ್ತ ಡಾಲ್ಫಿನ್ ಈಜುತ್ತಿದ್ದವು. ನಾಲ್ಕು ಸಲ ನೋಡಿದೆ.

ಹೆಡತಲೆ ಊರಿನ ಕಡೆಯಿಂದ ಇಬ್ಬರು ನೀರು ಬಿಡುವವರು ಬಂದಿದ್ದಾರೆ, ನಮ್ಮ ಯಂತ್ರ ನೋಡಲು. ನಮ್ಮ ಯಂತ್ರ! ಬರೆಯುವಾಗಲೇ ಮೈ ಜುಮ್ ಅನ್ನುತ್ತದೆ. ತೋರಿಸಲೆಂದು ಲ್ಯಾಪ್‌ಟಾಪ್ ತೆರೆದಾಗ ಕೆಂಪಯ್ಯಣ್ಣ ಪಕ್ಕದಲ್ಲಿದ್ದ. ಗಂಟೆಗೆ ಒಂದೂವರೆ ಅಡಿ ಅನ್ನುವ ಸಾಲಿಗೆ ಒಂದು ಹೆಸರು ಇಡಲೇಬೇಕಿತ್ತು, ಇಟ್ಟಿದ್ದೆ. ಇಂಗ್ಲಿಷ್ ಅಕ್ಷರ. ಬೆರಳಿಟ್ಟು ಓದಿ ಹೇಳಿದೆ.

"ಕೆಂಪಯ್ಯ" ಅಂತ.

ಆತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಈಗ ಹೊರಗೆ ಟ್ಯಾಂಕಿನ ಕೆಳಗೆ ನಿಂತು ಆ ಇಬ್ಬರಿಗೂ ಹೇಳುತ್ತಿದ್ದಾನೆ, ಇಲ್ಲಿಗೇ ಕೇಳಿಸುತ್ತಿದೆ. ಒಬ್ಬನ ತಲೆ ಹಿಡಿದು ಪೈಪ್‌ಗೆ ಒತ್ತಿದ್ದಾನೆ: "ಮೊದ್ಲು ಇದ ಕೇಳ್ಲಾ. ಆಮ್ಯಾಕೆ ಮಿಸನ್ನು. ಏನಂತದೆ? ಏಳು ಮತ್ತೆ! ಏ ಆಸವ್ವ, ಬಾ ಇಲ್ಲಿ, ಇವ್ನಿಗೆ ಒಳ್ಳೆ ಕಿವಿ ಅದೆ, ಬಂದು ನೋ—"

ಹೋಗಬೇಕು. ಉಳಿದದ್ದು ಆಮೇಲೆ.