ನಾನೂರು ಪ್ರಬಂಧಗಳಲ್ಲಿ ಸತ್ತವನು

ಸೆಡೂನಾ, ಮಂಗಳವಾರ

ಅಕ್ಕಾ,

ಗಡ್ಡೆಯ ಬಗ್ಗೆ ನಾನು ಬರೆದ ಪ್ರಬಂಧವನ್ನು ನಾನೂರು ಜನ ಉಲ್ಲೇಖಿಸಿದರೆಂದು ನೀನು ಕೇಕ್ ಹಂಚಿದ್ದೆಯಲ್ಲ, ಅದರ ರೋಗಿ ಮರ್ವಿನ್ ಇವತ್ತು ದೋಣಿಕಟ್ಟೆಯಲ್ಲಿ ಚಾಕುವಿನಿಂದ ಸಿಂಪಿಯ ಚಿಪ್ಪು ಬಿಡಿಸುತ್ತಾ ಸಿಕ್ಕಿದ. ಆಪರೇಷನ್ ಆದಮೇಲೆ ಅವನು ಆಸ್ಪತ್ರೆಗೆ ಬರಲಿಲ್ಲ ಎಂದಷ್ಟೇ ನಾನು ಬರೆದಿದ್ದೆ. ಯಾರೋ ಒಬ್ಬರು ತಮ್ಮ ಪ್ರಬಂಧದಲ್ಲಿ ಅದನ್ನು "ತೀರಿಕೊಂಡ" ಎಂದು ಬರೆದರು. ಉಳಿದವರು ನನ್ನ ಪ್ರಬಂಧ ತೆರೆದೂ ನೋಡದೆ ಅದನ್ನೇ ನಕಲು ಮಾಡಿದರು. ಈಗ ಅಡಿಲೇಡಿನಲ್ಲಿ ಅಂಥದೇ ಗಡ್ಡೆಯಿರುವ ಹೆಂಗಸೊಬ್ಬಳಿಗೆ, ಆಪರೇಷನ್ ಮಾಡಿದರೂ ಪ್ರಯೋಜನವಿಲ್ಲವೆಂದು ವೈದ್ಯರೊಬ್ಬರು ನನ್ನ ಹೆಸರು ಹಿಡಿದೇ ಹೇಳಿದ್ದಾರೆ. ಕೂತಲ್ಲಿ ಕೂರಲಾಗದೆ ಇವನನ್ನು ಹುಡುಕಿಕೊಂಡು ಬಂದೆ.

"ಆಮೇಲೆ ಯಾಕಪ್ಪಾ ಬರಲಿಲ್ಲ?"

"ಆರಾಮಾಗಿದ್ದೆ ಡಾಕ್ಟ್ರೇ. ಆರಾಮಾಗಿರೋನು ಆಸ್ಪತ್ರೇಲಿ ಏನ್ ಮಾಡ್ಲಿ?"

ಅವನಿಗೆ ಆ ಹೆಂಗಸಿನ ವಿಷಯ ಹೇಳಿ, ತಿದ್ದುಪಡಿ ಅಚ್ಚಾಗಲು ತಿಂಗಳುಗಟ್ಟಲೆ ಬೇಕು, ಅಚ್ಚಾದರೂ ಯಾರೂ ಓದುವುದಿಲ್ಲ ಎಂದೆ. ಅವನು ಚಾಕು ಒರೆಸಿಟ್ಟು, ಮನೆಗೆ ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ.

"ನಡೀರಿ. ಆ ಡಾಕ್ಟ್ರು ಓದೋದೇನೂ ಬೇಡ, ನನ್ ಮುಖ ನೋಡಿದ್ರೆ ಸಾಕು."

ನನ್ನ ಮೊಣಕಾಲು ಪರವಾಗಿಲ್ಲ. ಈ ವಾರ ಮನೆಗೆ ಬರುವುದಿಲ್ಲ. ಅಡಿಲೇಡಿನ ಬಸ್ಸು ಬಂತು, ಸತ್ತವನು ಆಗಲೇ ಹತ್ತಿ ನನಗೊಂದು ಸೀಟು ಹಿಡಿದಿದ್ದಾನೆ.

ರೋವೀನಾ