ಎಡಗೈಯಲ್ಲಿ ಅರ ಹಾಕಿದ ಗರಗಸ

ಅಂಗಡಿಯ ಹಿಂದಿನ ಕೋಣೆ
ಭಾನುವಾರ, ತಾರೀಖು ಹನ್ನೆರಡು

ಪ್ರೀತಿಯ ಅಕ್ಕಾ,

ನಿನ್ನ ಬೆನ್ನುನೋವು ಹೇಗಿದೆ? ಭಾವ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆಯೇ? ಅಮ್ಮ ಪರವಾಗಿಲ್ಲ. ನಿದ್ದೆ ಬರುತ್ತದೆ, ಊಟ ಸೇರುತ್ತದೆ. ಅದಕ್ಕೇ ಬೇಜಾರು ಮಾಡಿಕೊಳ್ಳುತ್ತಾಳೆ. ನನ್ನದೂ ಅದೇ ಕಥೆ. ಅಪ್ಪ ಹೋಗಿ ಇಪ್ಪತ್ತೆರಡು ದಿನವಾಯಿತು. ಅಳು ಬಂದಿಲ್ಲ, ಹಸಿವು ಹೊತ್ತಿಗೆ ಸರಿಯಾಗಿ ಬರುತ್ತಿದೆ. ಹೋದ ಪತ್ರದಲ್ಲಿ ನೀನು ಒಂದೇ ಮಾತು ಕೇಳಿದ್ದೆ: "ಕೊನೆಯ ದಿನಗಳಲ್ಲಿ ಅಪ್ಪ ನನ್ನ ಬಗ್ಗೆ ಕೇಳಿದರಾ?" ಎಂದು. ಮೊದಲು ಅಂಗಡಿಯ ಸುದ್ದಿ ಬರೆಯುತ್ತೇನೆ, ಕೈಗೆ ಅದು ಸುಲಭ.

ಗುಜರಿಯವನು ತಂದು ಹಾಕಿದ್ದ ಹಳೆಯ ಗರಗಸಗಳು ಒಂದಷ್ಟು ಉಳಿದಿದ್ದವು. ದಿನಕ್ಕೊಂದರಂತೆ ಹಿಡಿದೆ. ಕ್ರಮ ಅಪ್ಪನದೇ: ಹಿಡಿ ಬಿಚ್ಚುವುದು, ಅದರ ಹಿತ್ತಾಳೆ ಬಿಲ್ಲೆಯ ಮೇಲಿನ ಅಕ್ಷರ ಓದಿ ಯಾರು ಮಾಡಿದ್ದೆಂದು ತಿಳಿಯುವುದು, ಅಲಗಿಗೆ ಸೀಮೆಎಣ್ಣೆ ಹಚ್ಚಿ, ಮರದ ತುಂಡಿಗೆ ಸುತ್ತಿದ ಎಮರಿ ಕಾಗದದಿಂದ ತುಕ್ಕು ಉಜ್ಜುವುದು. ಬರಿ ಬೆರಳಲ್ಲಿ ಒತ್ತಿ ಉಜ್ಜಿದರೆ ಅಲಗಿನ ಮೇಲಿನ ಕಂಪನಿ ಗುರುತೂ ತುಕ್ಕಿನ ಜೊತೆಗೇ ಹೋಗುತ್ತದೆ. ಒಮ್ಮೆ ನಾನು ಹಾಗೆ ಮಾಡಿದಾಗ, "ಪಾಪ, ಇದಕ್ಕೆ ಹುಟ್ಟಿದೂರೇ ಇಲ್ಲದ ಹಾಗೆ ಮಾಡ್ಬಿಟ್ಯಲ್ಲೋ" ಎಂದಿದ್ದರು ಅಪ್ಪ.

ಮೊನ್ನೆ ಬಾಗಿಲ ಹಿಂದೆ ಗೋಣಿಯಲ್ಲಿ ಸುತ್ತಿ ನೇತುಹಾಕಿದ್ದ ಒಂದು ಸಿಕ್ಕಿತು. ಬಿಲ್ಲೆ ಸವೆದಿತ್ತು. ಅಲಗಿನ ಮೇಲೆ ತುಕ್ಕಿರಲಿಲ್ಲ, ಎಣ್ಣೆ ಹೊಸದು. ಹಲ್ಲು ಮಾತ್ರ ಏರುಪೇರು. ಎಲ್ಲ ಒಂದೇ ಮಟ್ಟಕ್ಕೆ ಬರಲೆಂದು ತುದಿಯಿಂದ ಚಪ್ಪಟೆ ಅರ ಎಳೆಯುತ್ತ ಬಂದೆ. ಮುಕ್ಕಾಲು ಭಾಗ ಮುಗಿದಾಗ ಅಮ್ಮ ಚಹಾ ತಂದಳು. "ಅದನ್ಯಾಕೋ ಮುಟ್ಟಿದೆ? ಕೊಳ್ಳೋಕೆ ಬಂದವರಿಗೆ ನಿಮ್ಮಪ್ಪ ಅದನ್ನ ತೋರಿಸ್ತಾನೂ ಇರಲಿಲ್ಲ" ಎಂದಳು. ಹಿಡಿಯ ಬಳಿ ಉಳಿದಿದ್ದ ಹಲ್ಲುಗಳನ್ನು ಆಗ ಬೆಳಕಿಗೆ ಹಿಡಿದು ನೋಡಿದೆ. ಒಂದು ದೊಡ್ಡದು, ಒಂದು ಚಿಕ್ಕದು, ಮತ್ತೆ ದೊಡ್ಡದು, ಮತ್ತೆ ಚಿಕ್ಕದು. ನಿನ್ನ ಕೈಕೆಲಸ. ಎಡಗೈಯಲ್ಲಿ ಅರ ಹಾಕುವಾಗ ನಿನ್ನ ಭಾರ ಒಂದು ಮಗ್ಗುಲಿಗೇ ಹೆಚ್ಚು ಬೀಳುತ್ತಿತ್ತು. ಅಕ್ಕ ತಮ್ಮ ಕೈಹಿಡಿದು ಸಾಲಾಗಿ ಹೊರಟ ಹಾಗಿದೆ ಎಂದು ಅಪ್ಪ ನಗುತ್ತಿದ್ದರಲ್ಲ. ನಾನು ಅರ ಹಾಕಿದ ಹಲ್ಲುಗಳು ಯಾವಾಗಲೂ ಸಮ. ಅವನ್ನು ನೋಡಿ ಅವರು ಎಂದೂ ನಕ್ಕವರಲ್ಲ.

ನೀನು ಹೇಳದೆ ಮದುವೆಯಾಗಿ ಹೋಗುವ ಮೊದಲು ಕೊನೆಗೆ ಕೈಯಾಡಿಸಿದ್ದು ಅದೇ ಗರಗಸವಂತೆ, ಅಮ್ಮ ಹೇಳಿದಳು. ಇನ್ನು ಈ ಹೊಸ್ತಿಲು ತುಳಿಯಬೇಡ ಎಂದ ಅಪ್ಪ ಒಂಬತ್ತು ವರ್ಷ ಅದರ ಅಲಗಿಗೆ ಎಣ್ಣೆ ಹಚ್ಚಿದ್ದಾರೆ, ಹಲ್ಲು ಮುಟ್ಟಿಲ್ಲ. ನಾನು ಅರ್ಧ ಗಂಟೆಯಲ್ಲಿ ಅಳಿಸಿದೆ. ನಿನ್ನ ಕೈಯದು ಒಂದು ಗೇಣು ಉಳಿದಿದೆ. ಏನಾದರೂ ಅನಿಸಬಹುದೆಂದು ಸ್ವಲ್ಪ ಹೊತ್ತು ಕಾದೆ. ಅನಿಸಲಿಲ್ಲ. ಚಹಾ ಆರಿತ್ತು, ಕುಡಿದೆ.

ಅದನ್ನು ಮಾರುವುದಿಲ್ಲ. ಭಾವನಿಗೆ ನನ್ನ ನಮಸ್ಕಾರ. ಮಗುವಿನ ತಲೆ ಸವರಿದೆನೆಂದು ಹೇಳು. ಅಮ್ಮ ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ ಎಂದು ಬರೆಯಲು ಹೇಳಿದ್ದಾಳೆ.

ನಿನ್ನ
ತಮ್ಮ

ತಾ.ಕ.: ಅಪ್ಪ ಕೇಳಿದರು. ಹೋಗುವುದಕ್ಕೆ ಹದಿನೆಂಟು ದಿನ ಮೊದಲು, "ಅವಳಿಗೊಂದು ಕಾಗದ ಹಾಕು, ಬರ್ಲಿ" ಎಂದರು. ಹಾಕುತ್ತೇನೆ ಎಂದೆ. ಹಾಕಲಿಲ್ಲ. ಮರೆತಿರಲಿಲ್ಲ ಅಕ್ಕಾ. ದಿನಾ ಬೆಳಗ್ಗೆ ಉತ್ತರ ಬಂತೇನೋ ಎಂದು ಕೇಳುತ್ತಿದ್ದರು, ನಾನು ಇಲ್ಲ ಎನ್ನುತ್ತಿದ್ದೆ. ಕೊನೆಯ ಸಲ, "ಇನ್ನೂ ಕೋಪ ಇರ್ಬೇಕು ಅವಳಿಗೆ" ಎಂದರು. ಇರಬೇಕು ಎಂದೆ.